ಒಂದು ಮೊಗ್ಗು ಕಡಿಮೆ

ನಮ್ಮೂರಿನಲ್ಲಿ ಮಾತಿನ ಡಬ್ಬಿ ಕಿವಿಗಿಟ್ಟುಕೊಂಡು ಯಾರೂ ಹಲೋ ಅನ್ನುವುದಿಲ್ಲ. ಯಾರು ಮಾತಾಡುತ್ತಿದ್ದಾರೆಂದು ದನಿಯಲ್ಲೇ ಗೊತ್ತಾಗುವಾಗ ಅದೊಂದು ದಂಡದ ಖರ್ಚು. "ಅಕ್ಕಿ ಬಂತು" ಎಂದು ಈ ಕಡೆಯವರು ಅಂದರೆ "ಹ್ಞೂ" ಎಂದು ಆ ಕಡೆಯವರು ಗುಂಡಿ ಒತ್ತಿಬಿಡುತ್ತಾರೆ. ಮದುವೆ ಮಾತುಕತೆಯೂ ಇಷ್ಟರಲ್ಲೇ ಮುಗಿಯುತ್ತದೆ. ನನ್ನ ಮದುವೆಗೆ ಗಂಡಿನ ಕಡೆಯವರು "ಒಪ್ಪಿಗೆ" ಎಂದರು, ನಮ್ಮಪ್ಪ "ಸರಿ" ಎಂದ. ಆ "ಸರಿ"ಯೂ ಹೆಚ್ಚಾಯಿತು, ಒಂದು ಸಲ ಗುಂಡಿ ಟಿಕ್ಕೆನಿಸಿದ್ದರೆ ಸಾಕಿತ್ತು ಎಂದು ಅಮ್ಮ ಆ ವರ್ಷವೆಲ್ಲ ಗೊಣಗುತ್ತಿದ್ದಳು.

ಹೀಗೇಕೆಂದರೆ, ಡಬ್ಬಿಗೆ ಹಾಕಲು ನಮಗೆ ಒಬ್ಬೊಬ್ಬರಿಗೆ ವರ್ಷಕ್ಕೆ ಒಂದೇ ಸೆಲ್. ಊರೆಂದರೆ ಒಂದು ದೊಡ್ಡ ನೀರು, ಅದರೊಳಗೆ ಚೆದುರಿಬಿದ್ದ ಮೂವತ್ತೊಂದು ದಿಬ್ಬ. ನಡುವಿನ ದೊಡ್ಡ ದಿಬ್ಬದ ಮೇಲೆ ಚಾವಡಿ, ಚಾವಡಿಯ ಹಿಂದೆ ಬಳ್ಳಿ. ಊರಿನಲ್ಲಿ ಎಷ್ಟು ಜನವೋ ಬಳ್ಳಿಯಲ್ಲಿ ಅಷ್ಟೇ ಸೆಲ್ ಬಿಡುತ್ತದೆ. ಮೊದಲು ಮೊಗ್ಗು ಬರುತ್ತದೆ, ಅದು ಒಂದೂವರೆ ತಿಂಗಳಲ್ಲಿ ಬಲಿತು ಬೆರಳುದ್ದದ ಸೆಲ್ ಆಗುತ್ತದೆ, ಬಳ್ಳಿ ಕಾಯುವ ಬೋರಜ್ಜಿ ಕೊಯ್ದು ಹಂಚುತ್ತಾಳೆ. ಮಗು ಹುಟ್ಟಿದರೆ ಒಂದು ಮೊಗ್ಗು ಹೆಚ್ಚು. ಯಾರಾದರೂ ತೀರಿಕೊಂಡರೆ ಒಂದು ಕಡಿಮೆ. ಅದು ಬಾಡುವುದೂ ಇಲ್ಲ, ಉದುರುವುದೂ ಇಲ್ಲ, ಬೆಳಗ್ಗೆ ನೋಡಿದರೆ ಇರುವುದಿಲ್ಲ ಅಷ್ಟೆ. ನೀರಿನ ತುದಿಯಲ್ಲಿರುವ ತೂಬಿನಾಚೆಯ ದಡದಲ್ಲಿ ಅಂಗಡಿಗಳಲ್ಲೇ ರಾಶಿರಾಶಿ ಸೆಲ್ ಸಿಗುತ್ತದೆ. ಆಸೆಪಟ್ಟು ತಂದವರೂ ಇದ್ದಾರೆ. ದೋಣಿ ತೂಬು ದಾಟಿ ಈಚೆ ಬಂದ ಗಳಿಗೆಯಲ್ಲೇ ಅವು ಸತ್ತುಹೋಗುತ್ತವೆ. ನಮ್ಮ ಮಕ್ಕಳು ಅವನ್ನು ಸಾಲಾಗಿಟ್ಟು ರೈಲಿನ ಆಟ ಆಡುತ್ತಾರೆ.

ನನ್ನ ಹೆಸರು ರುಕ್ಕು. ದೊಡ್ಡ ದಿಬ್ಬದಲ್ಲಿ ಡಬ್ಬಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಅಂಗಡಿಗೆ ಬಂದವರಿಗೆಲ್ಲ ನಾನು ಹೇಳುವ ಮೊದಲ ಪಾಠ ಇದು: ಸೆಲ್ಲನ್ನು ತಿನ್ನುವುದು ಮಾತಲ್ಲ, ಕಾಯುವುದು. ಯಾರಾದರೂ ಕರೆದಾರು ಎಂದು ಡಬ್ಬಿ ಹಗಲೂ ರಾತ್ರಿ ಕಿವಿ ತೆರೆದು ಕೂತರೆ, ಒಂದು ಮಾತೂ ಆಡದೆ ಎರಡು ತಿಂಗಳಲ್ಲಿ ಸೆಲ್ ಬರಿದಾಗುತ್ತದೆ. ಅದಕ್ಕೇ ಡಬ್ಬಿಯನ್ನು ಮಲಗಿಸಬೇಕು. ಅರ್ಧ ಗಂಟೆಗೊಮ್ಮೆ ಅದು ಕಣ್ಣು ಮಿಟುಕಿಸುವಷ್ಟು ಹೊತ್ತು ಎದ್ದು, ಯಾರಾದರೂ ಕರೆಯುತ್ತಿದ್ದಾರಾ ಎಂದು ಕಿವಿಗೊಟ್ಟು, ಇಲ್ಲವೆಂದರೆ ಮತ್ತೆ ಮಲಗಬೇಕು. ಇನ್ನುಳಿದವು ಸಣ್ಣಪುಟ್ಟ ಜಾಣತನ. ಡಬ್ಬಿಯ ನೆತ್ತಿಯ ಮೇಲಿನ ಕೆಂಪು ದೀಪ ಕಿತ್ತುಹಾಕುವುದು. ಪಕ್ಕದ ದಿಬ್ಬಕ್ಕೆ ಕರೆಯುವಾಗ ಜೋರಿನ ತಿರುಗಣೆಯನ್ನು ತಗ್ಗಿಸುವುದು. ಒಂದೊಂದು ಸುದ್ದಿಗೂ ಒಂದೊಂದು ಸಲ ಎಬ್ಬಿಸದೆ, ನಾಲ್ಕು ಕೂಡಿದ ಮೇಲೆ ಒಟ್ಟಿಗೆ ಹೇಳಿ ಮುಗಿಸುವುದು.

ಇಷ್ಟು ಪಾಠವೂ ತಲೆಗೆ ಹೋಗದ ಒಬ್ಬನೇ ಮನುಷ್ಯ ಪಕ್ಕದ ಅಂಗಡಿಯ ಟೈಲರ್ ಕೆಂಪರಾಜು. "ಕೇಳಿಸ್ತಾ? ಈಗ ಕೇಳಿಸ್ತಾ?" ಎಂದು ಕೇಳಿಕೇಳಿಯೇ ಅವನ ಸೆಲ್ ಆರನೇ ತಿಂಗಳಿಗೆ ಮಗುಚಿಕೊಳ್ಳುತ್ತಿತ್ತು. ಉಳಿದ ಆರು ತಿಂಗಳು ಆ ಸತ್ತ ಡಬ್ಬಿಯನ್ನೇ ಕೊರಳಿಗೆ ತೂಗುಹಾಕಿಕೊಂಡು ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಬಾಯಿಮಾತಿನಲ್ಲೇ ಎಲ್ಲ ಹೇಳುತ್ತಿದ್ದ. ನಾನಾದರೋ ಹನ್ನೊಂದನೇ ತಿಂಗಳಲ್ಲೂ ಮುಕ್ಕಾಲು ತುಂಬಿದ ಸೆಲ್ ಇಟ್ಟುಕೊಂಡಿರುವವಳು. ಹಳೆಯದನ್ನು ವಾಪಸು ಕೊಡುವ ದಿನ ಚಾವಡಿಯಲ್ಲಿ ಎಲ್ಲರ ಸೆಲ್ಲನ್ನೂ ಎಷ್ಟು ಉಳಿದಿದೆಯೆಂದು ತೋರಿಸುವ ಮುಳ್ಳಿನ ಕೆಳಗಿಟ್ಟು ನೋಡುತ್ತಾರೆ. ಏಳು ವರ್ಷ ನನ್ನದೇ ಮೇಲು. ಈ ವಿಷಯದಲ್ಲಿ ನನಗೆ ಜಂಬವಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ.

ನನ್ನ ಗಂಡ ಮಾದಪ್ಪ ತೂಬು ಕಾಯುವವನು. ತೂಬಿರುವುದು ನೀರಿನ ಆ ತುದಿಯಲ್ಲಿ, ಒಂದೂವರೆ ದಿನ ಹುಟ್ಟು ಹಾಕಬೇಕು. ವರ್ಷಕ್ಕೆ ನಾಲ್ಕು ತಿಂಗಳು ಅವನ ಸರದಿ. ಅಕ್ಕಿ, ರಾಗಿ, ಉಪ್ಪಿನಕಾಯಿ ತುಂಬಿಕೊಂಡು ತನ್ನ ದೋಣಿಯಲ್ಲಿ ಹೋದರೆ ಸರದಿ ಮುಗಿಯುವವರೆಗೆ ಒಬ್ಬನೇ. ಈ ಸಲ ಅವನು ಹೊರಡುವ ಮುಂಚೆ ನಾನು ಅವನ ಡಬ್ಬಿ ಬಿಚ್ಚಿ ಒಂದು ಹೊಸ ಕೈಚಳಕ ತೋರಿಸಿದ್ದೆ. ಅರ್ಧ ಗಂಟೆಗೊಮ್ಮೆ ಏಳುವುದೇನು, ದಿನಕ್ಕೊಮ್ಮೆ ಎದ್ದರೆ ಸಾಲದೇ ಎಂದು ಮಧ್ಯಾಹ್ನ ಹನ್ನೆರಡಕ್ಕೆ ಒಂದೇ ಸಲ ಕಿವಿ ತೆರೆಯುವಂತೆ ಮಾಡಿದೆ. ಹೇಗೂ ನಮ್ಮೂರಿನ ಪದ್ಧತಿ ಎಲ್ಲರಿಗೂ ಗೊತ್ತು. ಕರೆ ಬಂದರೆ ಏನೋ ಆಗಿದೆ, ಬರದಿದ್ದರೆ ಎಲ್ಲ ಸರಿಯಿದೆ. ಗಂಡ ಹೆಂಡತಿ ತಿಂಗಳುಗಟ್ಟಲೆ ಮಾತಾಡಿಲ್ಲವೆಂದರೆ ಅವರಷ್ಟು ಅನ್ಯೋನ್ಯ ಇನ್ನಾರೂ ಇಲ್ಲ ಎಂದೇ ಜನ ಹೇಳುತ್ತಾರೆ.

ಅವನು ಹೋದ ಹತ್ತನೇ ದಿನ ನನ್ನ ಡಬ್ಬಿ ಕರೆಯಿತು. ಕೈಯಲ್ಲಿದ್ದ ತಿರುಪು ಬಿಟ್ಟು ಓಡಿದೆ. ಎತ್ತಿದರೆ, "ರುಕ್ಕು, ತೂಬಿನ ಚಕ್ರದ ಮೇಲೆ ಒಂದು ಹಕ್ಕಿ ಬಂದು ಕೂತದೆ. ಕಾಲು ಹಳದಿ" ಎಂದ.

"ವಿಷಯ ಏನು?" ಎಂದೆ.

"ಇಷ್ಟೇ" ಎಂದ.

ನಾನು ಗುಂಡಿ ಒತ್ತಿದೆ. ಆಮೇಲೆ ಡಬ್ಬಿಯ ಮುಳ್ಳು ನೋಡಿದರೆ ಒಂದು ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಕೆಂಪರಾಜುವಿಗೆ ಅದನ್ನು ಕರೆದು ತೋರಿಸಿದೆ. ಅದಾದ ಮೇಲೆ ಎಂಬತ್ತು ದಿನ ಮಾದಪ್ಪನಿಂದ ಕರೆಯಿಲ್ಲ, ನನ್ನಿಂದಲೂ ಇಲ್ಲ. ಎಲ್ಲ ಸರಿಯಿದೆ ಎಂದು ನಾನು ನೆಮ್ಮದಿಯಾಗಿದ್ದೆ.

ಎಂಬತ್ತೊಂದನೇ ದಿನ ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದಾಗ ಬೋರಜ್ಜಿ ಬಂದಳು. ಮೊಗ್ಗಿನ ಕಾಲದಲ್ಲಿ ದಿನಾ ಬೆಳಗ್ಗೆ ಎಣಿಸುವುದು ಅವಳ ಕೆಲಸ. ಎಣಿಸುವಾಗ ಬಳ್ಳಿಯ ಬುಡದಿಂದ ತುದಿಯವರೆಗೆ ಒಂದು ಸಲ, ತುದಿಯಿಂದ ಬುಡಕ್ಕೆ ಇನ್ನೊಂದು ಸಲ. ನಿನ್ನೆಯವರೆಗೆ ನಾನೂರ ಹನ್ನೆರಡು.

"ಇವತ್ತು ನಾನೂರ ಹನ್ನೊಂದು ಕಣವ್ವ. ಐದು ಸಲ ಎಣಿಸ್ದೆ."

ಬಳ್ಳಿ ಇಲ್ಲಿಯವರೆಗೆ ತಪ್ಪು ಹೇಳಿದ್ದಿಲ್ಲ. ಯಾರು ಎನ್ನುವುದಷ್ಟೇ ಪ್ರಶ್ನೆ. ಇಂಥ ದಿನಕ್ಕೆ ಸೆಲ್ ಖರ್ಚಾಗದ ಒಂದು ದಾರಿ ನಮ್ಮಲ್ಲಿದೆ. ಚಾವಡಿಯ ಮೇಲೆ ಕೆಂಪು ಸೀರೆ ಏರಿಸಿದರೆ, ಪ್ರತಿ ದಿಬ್ಬದವರೂ ತಮ್ಮಲ್ಲಿ ಎಷ್ಟು ಜನ ಉಸಿರಾಡುತ್ತಿದ್ದಾರೋ ಅಷ್ಟು ಬಿಳಿ ಬಟ್ಟೆ ಹಗ್ಗಕ್ಕೆ ಹಾಕಬೇಕು. ಕೆಂಪರಾಜು ಚಾವಡಿಯ ಮಾಳಿಗೆ ಹತ್ತಿ ಕೈ ಅಡ್ಡ ಹಿಡಿದು ಎಣಿಸಿದ. ಪಂಚೆ, ಟವೆಲು, ಕೂಸಿನ ಲಂಗೋಟಿ, ಯಾರದೋ ದಿಂಬಿನ ಗವುಸು. ಹನ್ನೊಂದು ಗಂಟೆಯ ಹೊತ್ತಿಗೆ ಎಲ್ಲ ದಿಬ್ಬವೂ ಮುಗಿಯಿತು. ಒಟ್ಟು ನಾನೂರ ಹನ್ನೊಂದು. ಬಟ್ಟೆ ಹಾಕಿದರೂ ಇಲ್ಲಿಗೆ ಕಾಣದಷ್ಟು ದೂರ ಇರುವವನು ಒಬ್ಬನೇ.

ಕೆಂಪರಾಜು ಮಾಳಿಗೆಯಿಂದ ಇಳಿದು ಅಂಗಡಿಗೆ ಬಂದವನು ನನ್ನ ಮುಖ ನೋಡಲಿಲ್ಲ. ಆ ಮಾತಿನ ಮಲ್ಲನ ಬಾಯಲ್ಲಿ ಒಂದು ಮಾತೂ ಬರದಿದ್ದಾಗ ನನಗೆ ಅರ್ಥವಾಯಿತು. ನನ್ನ ಗಂಡ ಸತ್ತುಹೋಗಿದ್ದಾನೆ, ಮತ್ತು ಎಂಬತ್ತು ದಿನ ನಾನು ಅವನನ್ನು ಒಂದು ಮಾತೂ ಕೇಳಿಲ್ಲ. ಈ ಎರಡರಲ್ಲಿ ಯಾವುದು ಹೆಚ್ಚು ನೋಯುತ್ತಿದೆಯೆಂದು ನನಗೆ ತಿಳಿಯಲಿಲ್ಲ.

"ದೋಣಿ ಇಳಿಸ್ತೀನಿ" ಎಂದು ಯಾರೋ ಅಂದರು.

"ಒಂದೂವರೆ ದಿನ ಆಯ್ತದೆ. ಮೊದ್ಲು ಕರೆದು ನೋಡವ್ವ" ಎಂದಳು ಬೋರಜ್ಜಿ.

ಹನ್ನೆರಡು ಹೊಡೆಯುವುದಕ್ಕೆ ಸರಿಯಾಗಿ ತಿರುಗಣೆಯನ್ನು ಕೊನೆಯವರೆಗೆ ತಿರುಗಿಸಿ ಕರೆದೆ. ತೂಬು ದೂರ, ಅಷ್ಟು ಜೋರಿಲ್ಲದೆ ಮುಟ್ಟುವುದಿಲ್ಲ. ಆ ಕಡೆಯಿಂದ ಏನೂ ಇಲ್ಲ. ಇನ್ನೊಂದು ಸಲ ಕರೆದೆ. ಇಲ್ಲ. ಸುತ್ತ ನಿಂತ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು.

ಆಗ ನನ್ನ ಕಸುಬಿನ ತಲೆ ಓಡಿತು. ಡಬ್ಬಿಯೊಳಗೆ ಒಂದು ಸಣ್ಣ ಗಡಿಯಾರವಿರುತ್ತದೆ, ಯಾವಾಗ ಏಳಬೇಕೆಂದು ಹೇಳುವುದು ಅದೇ. ಯಾವ ಡಬ್ಬಿಯ ಗಡಿಯಾರವೂ ಪೂರಾ ಸರಿಯಿರುವುದಿಲ್ಲ. ಆದರೆ ಎರಡು ಡಬ್ಬಿಗಳು ಮಾತಾಡಿದಾಗಲೆಲ್ಲ ಒಂದರ ಹೊತ್ತನ್ನು ಇನ್ನೊಂದು ಸರಿಮಾಡಿಕೊಳ್ಳುತ್ತದೆ. ಅದಕ್ಕೇ ಊರಿನ ಡಬ್ಬಿಗಳೆಲ್ಲ ಒಂದೇ ಹೊತ್ತಿಗೆ ಏಳುತ್ತವೆ. ಮಾತೇ ಆಡದಿದ್ದರೆ ಒಂದೊಂದು ಗಡಿಯಾರವೂ ತನ್ನ ಪಾಡಿಗೆ ಹೋಗುತ್ತದೆ. ಮಾದಪ್ಪನದು ದಿನಕ್ಕೆ ಮೂರು ನಿಮಿಷ ಹಿಂದೆ ಬೀಳುವ ಡಬ್ಬಿ. ಎಂಬತ್ತು ದಿನ ಯಾರೂ ಸರಿಮಾಡಿಲ್ಲ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ, ಸೆಲ್ ಉಳಿಸುವ ಭರಾಟೆಯಲ್ಲಿ ಮರೆತಿದ್ದೆ.

ಅಂದರೆ ಅವನ ಡಬ್ಬಿ ಏಳುವುದು ನಾಲ್ಕು ಗಂಟೆಯ ಹೊತ್ತಿಗೆ ಇರಬೇಕು. ಇರಬೇಕು ಅಷ್ಟೆ. ಬಿಸಿಲಿಗೆ, ತಂಡಿಗೆ ಗಡಿಯಾರ ಹೆಚ್ಚುಕಡಿಮೆ ಆಗಿರಬಹುದು. ಎರಡಕ್ಕೂ ಏಳಬಹುದು, ಐದಕ್ಕೂ ಏಳಬಹುದು. ಏಳುವುದು ಕಣ್ಣು ಮಿಟುಕಿಸುವಷ್ಟು ಹೊತ್ತು, ಆಗ ಕರೆ ಇರದಿದ್ದರೆ ನಾಳೆಯವರೆಗೆ ಇಲ್ಲ. ಹಾಗಾದರೆ ಇರುವುದು ಒಂದೇ ದಾರಿ. ಕರೆಯುವ ಗುಂಡಿಯನ್ನು ಒತ್ತಿ ಹಿಡಿಯಬೇಕು, ಅವನ ಡಬ್ಬಿ ಎದ್ದು ಕೇಳುವವರೆಗೆ ಬಿಡಬಾರದು. ಇದನ್ನು ಮಾಡಿದ ಗಿರಾಕಿಗಳಿಗೆಲ್ಲ ನಾನು ಬಾಯಿಗೆ ಬಂದಂತೆ ಬೈದಿದ್ದೇನೆ.

ಒತ್ತಿ ಹಿಡಿದೆ. ಒಂದು ಗಂಟೆಯಾಯಿತು. ಮುಳ್ಳು ಮುಕ್ಕಾಲಿನಿಂದ ಇಳಿಯತೊಡಗಿತು. ಹನ್ನೊಂದು ತಿಂಗಳು ಒಂದೊಂದು ಮಾತನ್ನೂ ನುಂಗಿಕೊಂಡು ಉಳಿಸಿದ ಸೆಲ್ ಕಣ್ಣೆದುರಿಗೇ ಸೋರಿಹೋಗುತ್ತಿತ್ತು. ಅಚ್ಚರಿಯೆಂದರೆ, ಅದರ ಬಗ್ಗೆ ನನಗೆ ಏನೂ ಅನ್ನಿಸಲಿಲ್ಲ. ಹೆಬ್ಬೆರಳು ಮರಗಟ್ಟಿತು. "ನಾನು ಹಿಡ್ಕೋತೀನಿ, ನೀರು ಕುಡಿ" ಎಂದ ಕೆಂಪರಾಜು. ಬೇಡವೆಂದೆ. ಅವನೇ ಲೋಟ ನನ್ನ ಬಾಯಿಗೆ ಹಿಡಿದ. ಎರಡಾಯಿತು, ಮೂರಾಯಿತು. ನಾಲ್ಕು ಹೊಡೆಯಿತು. ಕೆಲವರು ಮೆಲ್ಲಗೆ ಎದ್ದು ಹೊರಗೆ ಹೋಗಿ ನಿಂತರು. ಮುಳ್ಳು ಕಾಲುಭಾಗಕ್ಕೆ ಬಂದಿತ್ತು.

ನಾಲ್ಕೂ ಇಪ್ಪತ್ತಕ್ಕೆ ಡಬ್ಬಿ ಗರಗರ ಎಂದಿತು.

"ಯಾಕೆ? ಏನಾಯ್ತು? ಯಾರಿಗೆ ಏನಾಯ್ತು?" ಮಾದಪ್ಪನ ದನಿ.

ಅಂಗಡಿಯಲ್ಲಿದ್ದವರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. "ನೀನು ಬದುಕಿದ್ದೀಯಾ?" ಎಂದೆ.

"ಇದೇನು ಮಾತು? ಬದುಕಿದೀನಿ."

"ಬಳ್ಳೀಲಿ ಇವತ್ತು ಒಂದು ಮೊಗ್ಗು ಕಮ್ಮಿ ಆಗಿದೆ. ನೀನೇ ಅಂದ್ಕೊಂಡ್ವಿ."

"ಇವತ್ತಾ? ಹಾಗಾದ್ರೆ ನಾನೇ ಇರ್ಬೇಕು" ಎಂದ.

ಬೋರಜ್ಜಿಗೆ ಏನು ಹೊಳೆಯಿತೋ, "ನಡೀರಿ ನಡೀರಿ, ಬದುಕವ್ನೆ ಅಂತ ಗೊತ್ತಾಯ್ತಲ್ಲ, ಇನ್ನೇನು ನೋಡ್ತೀರಿ" ಎಂದು ಎಲ್ಲರನ್ನೂ ಹೊರಗಟ್ಟಿದಳು. ಕೆಂಪರಾಜು ಮಾತ್ರ ಬೆಂಚು ಬಿಟ್ಟು ಏಳಲಿಲ್ಲ, ನಾನೂ ಏಳೆನ್ನಲಿಲ್ಲ.

"ನಿನ್ನೆ ಸಾಯಂಕಾಲ ಮನಸು ಗಟ್ಟಿ ಮಾಡ್ಕೊಂಡೆ ರುಕ್ಕು" ಎಂದ ಮಾದಪ್ಪ. "ಸರದಿ ಮುಗಿದ ಮೇಲೆ ಊರಿಗೆ ಬರಲ್ಲ. ಆಚೆ ದಡದಲ್ಲಿ ಇಟ್ಟಿಗೆ ಗೂಡಿದೆ, ಕೆಲಸ ಕೊಡ್ತೀನಿ ಅಂದವ್ರೆ."

ಊರು ಬಿಡುವ ಮನಸು ಮಾಡಿದವರನ್ನೂ ಬಳ್ಳಿ ಲೆಕ್ಕದಿಂದ ತೆಗೆಯುತ್ತದೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಇಲ್ಲಿಯವರೆಗೆ ಯಾರೂ ಊರು ಬಿಟ್ಟಿರಲಿಲ್ಲ. ಅವನು ಸತ್ತಿಲ್ಲವೆಂಬ ಸಂತೋಷ ನನಗೆ ಒಂದು ನಿಮಿಷವೂ ಉಳಿಯಲಿಲ್ಲ.

"ಯಾಕೆ? ನಾನೇನು ಮಾಡ್ದೆ?" ಎಂದೆ.

"ನೀನೇನೂ ಮಾಡ್ಲಿಲ್ಲ. ಇಲ್ಲಿ ಆಚೆ ದಡದಲ್ಲಿ ಒಂದು ಟೀ ಅಂಗಡಿ ಅದೆ. ಅಂಗಡಿಯವನು ದಿನಕ್ಕೆ ಮೂರು ಸಲ ಹೆಂಡ್ತೀಗೆ ಫೋನ್ ಮಾಡ್ತಾನೆ. ಅಂಥಾದ್ದೇನು ಮಾತಾಡ್ತಾನೆ ಅಂತ ಒಂದಿನ ಕಿವಿಗೊಟ್ಟು ಕೇಳ್ದೆ. ಏನೂ ಇಲ್ಲ ರುಕ್ಕು. ಊಟ ಆಯ್ತಾ, ಏನು ಸಾರು, ಬೆಕ್ಕು ಬಂದಿತ್ತಾ. ಅಷ್ಟೇ. ನಾನೂ ದಿನಾ ಹನ್ನೆರಡಕ್ಕೆ ಡಬ್ಬಿ ಮುಂದಿಟ್ಕೊಂಡು ಕೂತ್ಕೋತಿದ್ದೆ. ಸೆಲ್ ಏನೂ ಖರ್ಚಾಗ್ಲಿಲ್ಲ, ನೀನು ಸರಿಯಾಗೇ ಮಾಡಿದ್ದೆ. ಖರ್ಚಾಗಿದ್ದು ನಾನು" ಎಂದ.

ಇಷ್ಟು ವರ್ಷ ಮಾತು ಕತ್ತರಿಸುವುದನ್ನು ಕಲಿತವಳಿಗೆ ಬೆಳೆಸುವುದು ಬರುತ್ತಿರಲಿಲ್ಲ. ಕೆಂಪರಾಜು ಬೆಂಚಿನ ಮೇಲಿಂದ ಕೈಸನ್ನೆ ಮಾಡುತ್ತಿದ್ದ, ಮಾತಾಡು, ಮಾತಾಡು ಎಂದು.

"ಊಟ ಆಯ್ತಾ?" ಎಂದೆ.

"ನಾಲ್ಕೂವರೆಗೆ ಯಾರು ಊಟ ಮಾಡ್ತಾರೆ?"

ಇಬ್ಬರಿಗೂ ನಗು ಬಂತು. ಅವನ ನಗುವನ್ನು ನಾನು ಡಬ್ಬಿಯಲ್ಲಿ ಕೇಳಿದ್ದು ಅದೇ ಮೊದಲು. ನಮ್ಮೂರಿನಲ್ಲಿ ಡಬ್ಬಿಯೊಳಗೆ ಯಾರೂ ನಗುವುದಿಲ್ಲ, ಅದು ಮಾತಿಗಿಂತ ಉದ್ದವಾಗಿರುತ್ತದೆ.

"ಆ ಹಕ್ಕಿ ಏನಾಯ್ತು?" ಎಂದು ಕೇಳಿದೆ.

ಅವನು ತಡೆದು ತಡೆದು ಹೇಳಿದ. ಹಕ್ಕಿ ಒಂದು ತಿಂಗಳು ಒಂಟಿಯಾಗಿತ್ತಂತೆ. ಆಮೇಲೆ ಎಲ್ಲಿಂದಲೋ ಇನ್ನೊಂದನ್ನು ಕರೆತಂದು, ಎರಡೂ ಸೇರಿ ತೂಬಿನ ಚಕ್ರದ ಸಂದಿಯಲ್ಲಿ ಗೂಡು ಕಟ್ಟಿದುವಂತೆ. ಚಕ್ರ ತಿರುಗಿಸಿದರೆ ಗೂಡು ಬೀಳುತ್ತದೆಂದು ಇವನು ಇಪ್ಪತ್ತು ದಿನ ತೂಬನ್ನೇ ಎತ್ತಲಿಲ್ಲವಂತೆ. ಹೋದ ತಿಂಗಳು ನಮ್ಮ ದಿಬ್ಬದ ಬದನೆ ಮಡಿಗೆ ನೀರು ನುಗ್ಗಿದ್ದು ಯಾಕೆಂದು ನನಗೆ ಆಗ ಗೊತ್ತಾಯಿತು. ಹೇಳುತ್ತ ಹೇಳುತ್ತ ಅವನ ದನಿ ಸಡಿಲವಾಯಿತು. ನಾನು "ಹ್ಞೂ" ಎನ್ನುವುದನ್ನು ಬಿಟ್ಟು "ಆಮೇಲೆ?" ಎನ್ನತೊಡಗಿದೆ. ಮುಳ್ಳು ಕೆಂಪು ಗೆರೆ ಮುಟ್ಟಿತು.

"ಈಗ ನೀನು ಹೇಳು" ಎಂದ.

"ಏನು ಹೇಳ್ಲಿ?"

"ಏನಾದ್ರೂ. ಮುಖ್ಯ ಅಲ್ಲದ್ದು."

ಊರಿಗೆ ವಾಪಸ್ ಬಾ ಎಂದು ನಾಲಿಗೆಯ ತುದಿಗೆ ಬಂದಿತ್ತು. ಸೆಲ್ ಮುಗಿಯುವುದರೊಳಗೆ ಹೇಳಿ ಮುಗಿಸಬಹುದಾದ ಮಾತು ಅದು. ಆದರೆ ಮೂವತ್ತೊಂದು ದಿಬ್ಬದವರೂ ಹೇಳುವುದು ಹಾಗೆಯೇ, ಗಿರಾಕಿಗೆ ಡಬ್ಬಿ ತಯಾರಾಗಿದೆ ಬಾ ಎಂದು ನಾನು ಕರೆಯುವುದೂ ಹಾಗೆಯೇ. ಅದನ್ನು ನುಂಗಿಕೊಂಡು ಎದುರಿಗೆ ಕಂಡದ್ದನ್ನು ಹೇಳತೊಡಗಿದೆ. ಕಂಡದ್ದು ಕೆಂಪರಾಜು.

"ಹೋದ ವಾರ ಕೆಂಪರಾಜು ಅಂಗಡಿಗೆ ಒಂದು ಬೆಳ್ಳಕ್ಕಿ ನುಗ್ತು. ಇವನು ಅಳತೆ ಟೇಪನ್ನ ಬಾಗಿಲಲ್ಲಿ ನೇತುಹಾಕಿದ್ನಲ್ಲ, ಅದು ನೀರುಹಾವು ಅಂದ್ಕೊಂಡು ತುದಿ ಹಿಡಿದು ನುಂಗೋಕೆ ಶುರು ಮಾಡ್ತು. ಇವನು ಯಾರದೋ ರವಿಕೆಗೆ ಕಾಜ ಹೊಲೀತಿದ್ದವನು ತಲೆ ಎತ್ತಿ ನೋಡೋ ಹೊತ್ತಿಗೆ ಹತ್ತು ಇಂಚು ಒಳಗೆ. ಹೋಗ್ ಅಂತ ಕತ್ತರಿ ಬಡಿದ. ಅದು ಹೆದರಿಕೊಂಡು ಇನ್ನೂ ಬೇಗ ನುಂಗ್ತು. ಇಪ್ಪತ್ತೆರಡನೇ ಇಂಚಿಗೆ ಬಂದು ನಿಂತ್ಕೊಂಡು ಇವನ ಮುಖ ನೋಡ್ತು. ಇವನು ಮೆಲ್ಲಗೆ ಹೋಗಿ ಇನ್ನೊಂದು ತುದಿ ಹಿಡ್ಕೊಂಡ. ಹಿಡ್ಕೊಂಡು..."

ಅಷ್ಟರಲ್ಲಿ ಡಬ್ಬಿ ಸತ್ತಿತು.

ಅಲುಗಾಡಿಸಿದೆ, ಸೆಲ್ ತೆಗೆದು ಅಂಗೈಯಲ್ಲಿ ಉಜ್ಜಿ ಹಾಕಿದೆ. ಇಲ್ಲ. ಏಳು ವರ್ಷ ಚಾವಡಿಯಲ್ಲಿ ಮೇಲಾಗಿ ನಿಂತವಳ ಸೆಲ್ ಕೊಯ್ಲಿಗೆ ಇನ್ನೂ ಹದಿನೈದು ದಿನವಿರುವಾಗ ಬರಿದಾಗಿತ್ತು. ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತೆ. "ಎಂಥ ಕಡೆ ನಿಲ್ಸಿದೆ ಮಾರಾಯ್ತಿ" ಎಂದು ಕೆಂಪರಾಜು ಪಾಪ ನನಗಿಂತ ಹೆಚ್ಚು ಹಲುಬಿದ.

ಬೆಳಗಾದ ಕೂಡಲೇ ದೋಣಿ ಹತ್ತುತ್ತೇನೆ ಎಂದವಳನ್ನು ಬೋರಜ್ಜಿ ತಡೆದಳು. "ನೀನು ಹೋಗಿ ರಟ್ಟೆ ಹಿಡಿದು ಎಳ್ಕೊಂಡು ಬಂದ್ರೆ ಬರೋದು ಆಳು ಮಾತ್ರ. ಮನಸು ಬರಲ್ಲ. ಸುಮ್ನೆ ಕೂತ್ಕೊ" ಎಂದಳು. ಮಾರನೆಯ ಬೆಳಗ್ಗೆ ಎಣಿಸಿ ಬಂದು ತಲೆಯಾಡಿಸಿದಳು. ನಾನೂರ ಹನ್ನೊಂದೇ. ಆ ದಿನ ನನ್ನ ಕೈಯಲ್ಲಿ ಒಂದು ತಿರುಪೂ ನೆಟ್ಟಗೆ ಕೂರಲಿಲ್ಲ. ದಾರಿಯಲ್ಲಿ ಯಾರ ಹೆಜ್ಜೆ ಸದ್ದಾದರೂ ಬಾಗಿಲ ಕಡೆ ನೋಡುತ್ತಿದ್ದೆ. ಕಾಯುವುದು ಎಷ್ಟು ತಿನ್ನುತ್ತದೆಂದು ಊರಿಗೆಲ್ಲ ಪಾಠ ಹೇಳಿದವಳು ನಾನು, ಆದರೆ ಅದನ್ನು ಮುಳ್ಳು ನೋಡಿ ಹೇಳಿದ್ದೆನೇ ಹೊರತು ಮೈಯಲ್ಲಿ ತಿಳಿದು ಹೇಳಿರಲಿಲ್ಲ.

ಅದರ ಮರುದಿನ ಬೆಳಗ್ಗೆ, ಬೋರಜ್ಜಿ ಎಣಿಸಿ ಬರುವುದಕ್ಕೆ ಇನ್ನೂ ಹೊತ್ತಿತ್ತು, ನಾನು ಅಂಗಡಿಯ ಕಸ ಗುಡಿಸುತ್ತಿದ್ದೆ. ಬಾಗಿಲಿಗೆ ಯಾರೋ ಅಡ್ಡ ನಿಂತರು. ಮೊಣಕಾಲಿನವರೆಗೆ ಕೆಸರು, ಒದ್ದೆ ಪಂಚೆ, ಎರಡು ಅಂಗೈಯಲ್ಲೂ ಹುಟ್ಟು ಹಾಕಿ ಎದ್ದ ಬೊಬ್ಬೆ. ಗಡ್ಡ ಬೆಳೆದು ಮುಖ ಅರ್ಧ ಮುಚ್ಚಿತ್ತು. ಮಾದಪ್ಪ ಹುಟ್ಟನ್ನು ಗೋಡೆಗೆ ಒರಗಿಸಿ, ಬಂದು ಗಿರಾಕಿಗಳ ಬೆಂಚಿನ ಮೇಲೆ ಕೂತ.

ನಾನು ಪೊರಕೆ ಹಿಡಿದುಕೊಂಡೇ ನಿಂತಿದ್ದೆ. ಕೇಳಬೇಕಾದ್ದು ನೂರಿತ್ತು. ಉಳಿಯುತ್ತೀಯಾ, ಹೋಗುತ್ತೀಯಾ, ಇಟ್ಟಿಗೆ ಗೂಡಿನವರಿಗೆ ಏನು ಹೇಳಿದೆ, ತೂಬು ಯಾರ ಕೈಗೆ ಕೊಟ್ಟು ಬಂದೆ.

ಅವನೇ ಮೊದಲು ಬಾಯಿಬಿಟ್ಟ. "ಹಿಡ್ಕೊಂಡು?" ಎಂದ.

"ಏನು ಹಿಡ್ಕೊಂಡು?"

"ಕೆಂಪರಾಜು ಟೇಪಿನ ತುದಿ ಹಿಡ್ಕೊಂಡ ಅಂದೆಯಲ್ಲ. ಹಿಡ್ಕೊಂಡು ಏನು ಮಾಡ್ದ? ದಾರಿಯುದ್ದಕ್ಕೂ ಅದೇ ಯೋಚನೆ. ನಿದ್ದೆ ಬರ್ಲಿಲ್ಲ."

"ಮೊದ್ಲು ಕೈಕಾಲು ತೊಳ್ಕೊ. ಊಟ ಮಾಡು."

"ಊಟ ಆಮೇಲೆ" ಎಂದು ಅವನು ಕಾಲು ಮಡಚಿಕೊಂಡು ನೆಟ್ಟಗೆ ಕೂತ.

ನಾನು ಪೊರಕೆ ಮೂಲೆಗಿಟ್ಟು, ಅವನ ಪಕ್ಕದಲ್ಲಿ ಕೂತು, ಇಪ್ಪತ್ತೆರಡನೇ ಇಂಚಿನಿಂದ ಶುರು ಮಾಡಿದೆ.